ಅಕ್ಷರ ಬಿಡು, ಗೀಟು ಬಿಡಬೇಡ

ವೆಂಡೆಲೀನ್ ಶೀಪೆಕ್ ಮೇಷ್ಟ್ರು ನನಗೆ ಮೊದಲು ಭೇಟಿಯಾದದ್ದು ಐವತ್ತೇಳನೇ ಇಸವಿ ನವೆಂಬರ್ ಹದಿನಾಲ್ಕನೇ ತಾರೀಕು, ಗುರುವಾರ, ಬೆಳಗಿನ ಹತ್ತು ಗಂಟೆಗೆ. ಭೇಟಿ ಎನ್ನುವುದಕ್ಕಿಂತ ಅವರ ಸೀನು ಕೇಳಿದೆ ಎನ್ನುವುದೇ ಸರಿ.

ನಮ್ಮ ಯಾವೊರ್ನಾ ಊರಿನ ವಾದ್ಯದ ಕಾರ್ಖಾನೆಯಲ್ಲಿ ನನ್ನದು ಮೆತ್ತೆ ಕೂರಿಸುವ ಕೆಲಸ. ಕ್ಲಾರಿನೆಟ್ಟಿನ ತೂತುಗಳನ್ನು ಮುಚ್ಚುವ ತಟ್ಟೆಗಳಿರುತ್ತವಲ್ಲ, ಅವುಗಳ ಅಡಿಗೆ ಉಣ್ಣೆಯ ಪುಟ್ಟ ಮೆತ್ತೆಯನ್ನು ಅರಗು ಹಾಕಿ ಅಂಟಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ಗಾಳಿ ಸೋರಿ ಸ್ವರ ಕೆಡುತ್ತದೆ. ಅವತ್ತು ಬೆಳಗಿನಿಂದ ಕೂತು ಮುನ್ನೂರ ಹನ್ನೆರಡು ಮೆತ್ತೆಗಳನ್ನು ಅಳತೆ ನೋಡಿ ಏಳು ಮುಚ್ಚಳಗಳಲ್ಲಿ ಬೇರೆ ಮಾಡಿಟ್ಟಿದ್ದೆ. ಬಾಗಿಲು ದಡಾರನೆ ತೆರೆಯಿತು. ಮೇಲುಕೋಟು ಇಲ್ಲ, ಟೋಪಿಯ ಮೇಲೆ ಹಿಮ, ಒಂದು ಶೂಸಿನ ದಾರ ನೆಲ ಗುಡಿಸುತ್ತಿದೆ, ಕಂಕುಳಲ್ಲಿ ಕಾಗದದ ಸುರುಳಿ. ಆ ಎತ್ತರದ ಮನುಷ್ಯ ನನ್ನ ಮೇಜಿನ ಮುಂದೆ ನಿಂತು ಬಾಯಿ ತೆರೆದರು. ಮಾತಿಗೆ ಮುಂಚೆ ಸೀನು ಬಂತು.

ಏಳು ಮುಚ್ಚಳವೂ ಖಾಲಿ.

"ಅಯ್ಯಯ್ಯೋ! ಏನು ಮಾಡ್ಬಿಟ್ಟೆ!"

"ಎರಡು ಗಂಟೆ ಕೆಲ್ಸ ಹಾರಿಸ್ಬಿಟ್ರಿ," ಎಂದೆ.

ಅವರು ಆಗಲೇ ನೆಲದ ಮೇಲೆ ಮೊಣಕಾಲೂರಿದ್ದರು. ಮೇಜಿನಡಿ ನುಗ್ಗಿ, ಒಲೆಯ ಹಿಂದೆ ಕೈ ಹಾಕಿ, ಮರದ ಹೊಟ್ಟನ್ನು ಕೆದಕಿ ಒಂದೊಂದೇ ಹೆಕ್ಕಿದರು. "ಎಷ್ಟಿದ್ವಮ್ಮ?" "ಮುನ್ನೂರ ಹನ್ನೆರಡು." "ಮುನ್ನೂರ ಹನ್ನೊಂದು ಸಿಕ್ತು... ಇಗೋ, ನನ್ನ ಟೋಪೀಲೇ ಇತ್ತು ಕಳ್ಳ!" ಆಮೇಲೆ ತಾವೇ ಕಣ್ಣಳತೆಯಲ್ಲಿ ಬೇರೆ ಮಾಡಿ ಮುಚ್ಚಳಗಳಿಗೆ ಹಾಕಿದರು. ನಾನು ಬೆರಳ ತುದಿಯಲ್ಲಿ ಮುಟ್ಟಿ ನೋಡುತ್ತಾ ಹೋದೆ. ಇದು ಇಲ್ಲಿಯದಲ್ಲ, ಇದೂ ಅಲ್ಲ, ಇದು ಒಂದೆಳೆ ದಪ್ಪ. ನಲವತ್ತು ಮೆತ್ತೆ ಜಾಗ ಬದಲಾಯಿಸಿದವು.

ಅವರು ನನ್ನ ಬೆರಳನ್ನೇ ನೋಡುತ್ತಾ ಕೇಳಿದರು: "ನಿಂಗೆ ಸ್ವರ ಓದಕ್ಕೆ ಬರುತ್ತಾ?"

"ಅಕ್ಷರಾನೇ ತಡವರಿಸ್ಕೊಂಡು ಓದೋದು ನಾನು. ಗುಡ್ಡದ ಮೇಲಿನ ಮನೆ ನಮ್ಮದು, ಮೂರು ಚಳಿಗಾಲ ಶಾಲೆಗೆ ಹೋಗಿದ್ದಷ್ಟೇ."

"ಬಹಳ ಒಳ್ಳೇದಾಯ್ತು!" ಎಂದು ಚಪ್ಪಾಳೆ ತಟ್ಟಿದರು. ಕಲಿಯದಿದ್ದಕ್ಕೆ ನನ್ನನ್ನು ಹೊಗಳಿದ ಮೇಷ್ಟ್ರು ಅವರೊಬ್ಬರೇ.

ಅಷ್ಟರಲ್ಲಿ ನಮ್ಮ ಮೇಸ್ತ್ರಿ ಬಾರ್ತೋಶ್ ಒಳಗಿನಿಂದ ಬಂದ. "ಏನು ಶೀಪೆಕ್ ಮೇಷ್ಟ್ರೇ, ಪಾಠ ಬಿಟ್ಟು ನಮ್ಮಲ್ಲಿ ನೆಲ ಗುಡಿಸೋ ಕೆಲ್ಸಕ್ಕೆ ಸೇರಿದ್ರಾ?"

"ಮೇಸ್ತ್ರಿ, ನಿಮ್ಮ ಎಂಟು ಜನ ಬೇಕು ನಂಗೆ. ಮರದ ಉಸಿರಿನೋರು. ಹತ್ತು ದಿನಕ್ಕೆ."

ಮರದ ಉಸಿರು ಎಂದರೆ ಕೊಳಲು, ಓಬೋ, ಕ್ಲಾರಿನೆಟ್ಟು, ಬಸೂನು. ನಮ್ಮ ಮಾತಿನಲ್ಲಿ ಆ ವಾದ್ಯಗಳಿಗೆ ಇರುವ ಹೆಸರೇ ಅದು. ಕಾರ್ಖಾನೆಯಲ್ಲಿ ವಾದ್ಯ ಮಾಡುವವರೇ ಎಂಟು ಜನ ಸೇರಿ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕುಣಿತದ ಮಟ್ಟುಗಳನ್ನು ಊದುತ್ತಿದ್ದರು. ನನ್ನ ಗಂಡ ಕಿಲಿಯಾನ್ ಅವರಲ್ಲೊಬ್ಬ. ಬಸೂನಿನ ಮರ ಕೊರೆಯುವವನೂ ಅವನೇ, ಊದುವವನೂ ಅವನೇ. ಬಸೂನು ಒಲೆಯ ಹೊಗೆಕೊಳವೆಯಷ್ಟು ಉದ್ದ, ನೆಗಡಿಯಾದ ಮುದುಕನಂಥ ದನಿ.

ಎಂಟೂ ಜನ ಬಂದು ನಿಂತರು. ಮೇಷ್ಟ್ರು ಒಂದೇ ಉಸಿರಿಗೆ ಸಂಗತಿ ಹೇಳಿದರು. ಊರಿನ ಹಾಡಿನ ಮೇಳ ಅವರದು. ಗಂಡಸರು ಹೆಂಗಸರು ಸೇರಿ ನಲವತ್ತೆರಡು ಜನ. ಮೇಳಕ್ಕೆ ಅಂತಲೇ ಅವರು ಒಂದು ಹೊಸ ಹಾಡು ಕಟ್ಟಿದ್ದರು. ಇಪ್ಪತ್ತನಾಲ್ಕನೇ ತಾರೀಕು ಭಾನುವಾರ ಹನ್ನೊಂದು ಗಂಟೆಗೆ ರೇಡಿಯೋದವರು ಗಾಡಿ ತಂದು ನಮ್ಮ ಸಭಾಭವನದಿಂದಲೇ ಅದನ್ನು ದೇಶಕ್ಕೆಲ್ಲ ಕೇಳಿಸುವುದೆಂದು ಗೊತ್ತಾಗಿತ್ತು. ಈಗ ಫ್ಲೂ ಜ್ವರ ಬಂದು ಮೇಳಕ್ಕೆ ಮೇಳವೇ ಮಲಗಿಬಿಟ್ಟಿದೆ. ಮೂವತ್ತೈದು ಜನಕ್ಕೆ ಗಂಟಲಿಲ್ಲ. ಉಳಿದ ಏಳರಲ್ಲಿ ಐವರು ದಪ್ಪ ದನಿಯ ಗಂಡಸರು.

"ಮುಂದಕ್ಕೆ ಹಾಕ್ಸಿ ಮೇಷ್ಟ್ರೇ," ಎಂದ ಓಬೋ ಊದುವ ಕ್ಲೆಮೆಂಟ್. ಆಗಲೇ ಅರವತ್ತು ದಾಟಿದ, ಮೂಗಿನ ತುದಿಯಲ್ಲೇ ಮಾತಾಡುವ ಮನುಷ್ಯ.

"ಹಾಕಲ್ಲ ಅಂದ್ರು. ಆವತ್ತು ಬಿಟ್ರೆ ಇಲ್ಲ ಅಂದ್ರು." ಮೇಷ್ಟ್ರು ಟೋಪಿ ತೆಗೆದರು. "ನನ್ನ ಹೆಂಡ್ತಿ ಅಪೊಲೆನಾ ಗುಡ್ಡದ ಮೇಲಿನ ಕ್ಷಯದ ಆಸ್ಪತ್ರೇಲಿ ಹದಿನಾಲ್ಕು ತಿಂಗಳಿಂದ ಇದಾಳೆ. ಹೊಸ ವರ್ಷ ಕಳೆದ ಮೇಲೆ ಎದೆ ಆಪರೇಷನ್ ಅಂತಾರೆ ಡಾಕ್ಟ್ರು. ಅವಳು ಬೇಡ ಅಂತಾಳೆ. ಸಾಕಾಯ್ತು, ನನ್ನ ಪಾಡಿಗೆ ಬಿಡಿ ಅಂತ ಕಾಗ್ದ ಬರೀತಾಳೆ. ಈ ಹಾಡಿನ ಮಾತು ಅವಳದ್ದು. ಹೋಗೋ ಮುಂಚೆ ಅಡುಗೆಮನೇಲಿ ಹಿಟ್ಟಿನ ಚೀಲದ ಮೇಲೆ ಬರೆದಿಟ್ಟಿದ್ಲು. ಮಟ್ಟು ನಾನು ಆಮೇಲೆ ಹಾಕಿದ್ದು, ಅವಳು ಕೇಳೇ ಇಲ್ಲ. ಭಾನುವಾರ ಹನ್ನೊಂದಕ್ಕೆ ರೇಡಿಯೋ ಹತ್ರ ಕೂತ್ಕೋ, ನಿನ್ನ ಮಾತು ನಿಂಗೇ ಹೇಳಿಸ್ತೀನಿ ಅಂತ ಬರೆದಿದೀನಿ."

ಕ್ಲೆಮೆಂಟ್ ಸುಮ್ಮನಿರುವ ಜಾತಿಯವನಲ್ಲ. "ನಾವು ಊದ್ತೀವಿ, ಸರಿ. ಆದ್ರೆ ಕೊಳವೆಗೆ ಮಾತೆಲ್ಲಿ ಬರುತ್ತೆ? ಮಟ್ಟು ಆಯಮ್ಮಂಗೆ ಗೊತ್ತಿಲ್ಲ, ಮಾತು ನಮ್ಮ ಹತ್ರ ಇರಲ್ಲ. ಅವರಿಗೇನು ತಿಳಿಯುತ್ತೆ?"

"ರೇಡಿಯೋದೋರು ಮೊದ್ಲು ಆ ಮಾತು ಓದಿ ಹೇಳ್ಲಿ," ಎಂದ ಕಿಲಿಯಾನ್.

"ನಾಲ್ಕು ನಿಮಿಷ ಕೊಟ್ಟಿದಾರಪ್ಪ, ಹಾಡೇ ಮೂರೂಮುಕ್ಕಾಲು. ನಮ್ಮೂರ ಹೆಸರು ಸರಿಯಾಗಿ ಹೇಳಿದ್ರೆ ಅದೇ ಹೆಚ್ಚು." ಮೇಷ್ಟ್ರು ಕ್ಲೆಮೆಂಟ್ ಕಡೆ ತಿರುಗಿದರು. "ನೀವು ಕೇಳಿದ್ದೇ ನನ್ನ ಎದೇಲೂ ಕೊರೀತಿದೆ ಅಜ್ಜ. ಅವಳು, ನನ್ನ ಮಾತೆಲ್ಲಾ ಕಿತ್ತು ಬಿಸಾಕಿ ಬರೀ ಪೀಪಿ ಊದ್ಸಿದಾನೆ ಅಂದ್ಕೊಂಡ್ರೆ ನಾನು ಕೆಟ್ಟೆ. ಆದ್ರೂ ಏನೂ ಕೇಳಿಸದೆ ಇರೋದಕ್ಕಿಂತ ಇದು ಮೇಲು."

ಮೇಸ್ತ್ರಿ ಬಾರ್ತೋಶ್ ಮೂಗು ಸೀಟಿಕೊಂಡ. "ಮಧ್ಯಾಹ್ನದ ಬಿಡುವು ಒಂದು ಗಂಟೆ ಮಾಡ್ತೀನಿ. ಮರ ಒಣಗಿಸೋ ಕೋಣೆ ಬೆಚ್ಚಗಿದೆ, ಅಲ್ಲಿ ಊದ್ಕೊಳ್ಳಿ. ಕಾರ್ಖಾನೆ ಸುಟ್ಟುಹಾಕ್ಬೇಡಿ, ಅಷ್ಟೇ."

"ಇನ್ನೊಂದು," ಎಂದರು ಮೇಷ್ಟ್ರು, ನನ್ನ ಕಡೆ ಬೆರಳು ತೋರಿಸಿ. "ಈಯಮ್ಮನ್ನ ಎರಡು ದಿನ ಕೊಡಿ, ಹಾಳೆ ನಕಲು ಮಾಡಕ್ಕೆ. ಸ್ವರ ಓದೋರು ತಮ್ಮ ಬುದ್ಧಿ ಸೇರಿಸಿಬಿಡ್ತಾರೆ, ಈಯಮ್ಮ ಕಂಡಂಗೇ ಇಳಿಸ್ತಾಳೆ."

"ನನ್ನ ಹೆಂಡ್ತೀನಾ?" ಎಂದ ಕಿಲಿಯಾನ್. "ಎರಡೇ ದಿನಾನಾ? ವಾರ ಇಟ್ಕೊಳ್ಳಿ ಮೇಷ್ಟ್ರೇ, ಬೆಳ್ಳುಳ್ಳಿ ಸಾರು ಚೆನ್ನಾಗಿ ಮಾಡ್ತಾಳೆ."

ಎಲ್ಲರೂ ನಕ್ಕರು. ನಾನು ಮಾತ್ರ ಮೆತ್ತೆ ಹಿಡಿದುಕೊಂಡೇ ನಿಂತಿದ್ದೆ.

ಮೇಷ್ಟ್ರು ಗುರುವಾರ ಮತ್ತು ಶುಕ್ರವಾರ ಶಾಲೆ ಮುಗಿಸಿ ಓಡಿಬಂದು ತಮ್ಮ ಅಡುಗೆಮನೆಯ ಮೇಜಿನ ಮೇಲೆ ಬರೆದರು, ಮುಗಿಯಲಿಲ್ಲ. ಶನಿವಾರ ಮತ್ತು ಭಾನುವಾರ ನಾನು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ನಕಲು ಮಾಡಿದೆ. ಹಳೆಯ ಹಾಜರಿ ಪುಸ್ತಕಗಳ ಖಾಲಿ ಬೆನ್ನುಪುಟಗಳೇ ಅವರ ಕಾಗದ. ಅವರು ಕೆಲಸ ಮಾಡುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ಕೂರುವವರೇ ಅಲ್ಲ. ಎರಡು ಸಾಲು ಬರೆದರೆ ಎದ್ದು ಸಾರಿನ ಸೌಟು ಹಿಡಿದು ತಾಳ ಹಾಕುವರು, ಮತ್ತೆ ಬರೆಯುವರು.

"ನೋಡು ಒತಿಲ್ಕಾ, ಹೆಣ್ಣುಮಕ್ಕಳ ಮೇಲಿನ ದನಿ ಕೊಳಲಿಗೆ ಕೊಡೋದು ಸುಲಭ. ಅವರ ಕೆಳಗಿನ ದನಿ ಇದೆಯಲ್ಲ, ಅದನ್ನೂ ಕೊಳಲಿಗೇ ಕೊಟ್ಟೆ ಅಂದ್ಕೋ, ಅಷ್ಟು ಕೆಳಗೆ ಕೊಳಲಿಗೆ ಶಕ್ತಿಯಿಲ್ಲ, ಹೊದಿಕೆಯೊಳಗಿಂದ ಮಾತಾಡ್ದಂಗಿರುತ್ತೆ. ಕ್ಲಾರಿನೆಟ್ಟಿಗೆ ಕೊಡ್ಬೇಕು. ಕ್ಲಾರಿನೆಟ್ಟಿನ ಕೆಳಗಿನ ಸ್ವರ ಇದೆಯಲ್ಲ, ನಮ್ಮ ಸೋದರತ್ತೆ ಗುಟ್ಟು ಹೇಳ್ದಂಗೆ!"

ಅವರಿಗೇ ಹಾಡಲು ಬರುತ್ತಿರಲಿಲ್ಲ. ಚರ್ಚಿನ ಗಂಟೆ ಹೊಡೆಯುವವನ ಮಗ. ಚಿಕ್ಕಂದಿನಲ್ಲಿ ಇಡೀ ಜಿಲ್ಲೆಗೇ ಒಳ್ಳೆಯ ದನಿಯಂತೆ. ಹದಿನಾಲ್ಕಕ್ಕೆ ದನಿ ಒಡೆದದ್ದು ಮತ್ತೆ ಕೂಡಲೇ ಇಲ್ಲ. ಹಾಡಿ ತೋರಿಸಲು ಹೋದರೆ ಬಾತುಕೋಳಿ. "ಅದಕ್ಕೇ ನಾನು ಬೇರೆಯೋರ ಗಂಟಲು ಎರವಲು ತಗೊಂಡೇ ಬದುಕ್ತಿರೋದು," ಎನ್ನುತ್ತಿದ್ದರು.

ನಾನು ಬರೆಯಲು ಕೂತಾಗ ಅವರು ಒಂದೇ ಮಾತು ಹೇಳಿದರು. ಅವರ ಹಾಳೆಯಲ್ಲಿ ಐದು ಗೆರೆಯ ಮೇಲೆ ಸ್ವರದ ಬೊಟ್ಟುಗಳು, ಕೆಳಗೆ ಅಪೊಲೆನಾಳ ಮಾತು. ಊದುವವರಿಗೆ ಮಾತು ಬೇಕಿಲ್ಲ. ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಮೇಷ್ಟ್ರು ಒಂದು ಸಣ್ಣ ಗೀಟು ಎಳೆದಿದ್ದರು. "ಅಕ್ಷರ ಬಿಡು, ಗೀಟು ಬಿಡಬೇಡ. ಒಂದು ಗೀಟು ಹೋದ್ರೂ ಒಬ್ಬ ಉಸಿರು ಕಟ್ಟಿ ಬೀಳ್ತಾನೆ. ತಿಳೀತಾ?"

ತಿಳಿಯಿತು ಎಂದೆ. ಕಸೂತಿಯ ನಮೂನೆ ಇಳಿಸುವಂತೆ ಒಂದೊಂದು ಬೊಟ್ಟೂ ಎಣಿಸಿ ಇಳಿಸಿದೆ. ಅಕ್ಷರ ಬಿಟ್ಟೆ. ಗೀಟು ಒಂದನ್ನೂ ಬಿಡಲಿಲ್ಲ.

ನಮ್ಮ ಬರವಣಿಗೆಯಲ್ಲಿ ಎಳೆದು ಹೇಳುವ ಅಕ್ಷರದ ತಲೆಯ ಮೇಲೆ ಒಂದು ಗೀಟು ಇರುತ್ತದೆ. ಉಸಿರಿನ ಗೀಟಿಗೂ ಈ ದೀರ್ಘದ ಗೀಟಿಗೂ ನಾವು ಹೇಳುವುದು ಒಂದೇ ಹೆಸರು. ನಾನು ಎರಡನ್ನೂ ಇಳಿಸಿದೆ. ಕೆಲವು ಅಕ್ಷರಗಳ ಮೇಲೆ ಕೊಕ್ಕೆಯೂ ಇರುತ್ತದೆ. ಕೊಕ್ಕೆಯ ಸುದ್ದಿ ಮೇಷ್ಟ್ರು ಎತ್ತಿರಲಿಲ್ಲ, ಕೊಕ್ಕೆ ಗೀಟಲ್ಲ, ಅದನ್ನು ಬಿಟ್ಟೆ.

ಮಂಗಳವಾರ ಮಧ್ಯಾಹ್ನ ಒಣಗಿಸುವ ಕೋಣೆಯಲ್ಲಿ ಮೇಪಲ್ ಮರದ ತುಂಡುಗಳ ರಾಶಿಯ ನಡುವೆ ಎಂಟು ಜನ ಕೂತರು. ಗಸಗಸೆ ಹೂರಣದ ಬನ್ನು ಹಂಚಿ ನಾನು ಬಾಗಿಲ ಹತ್ತಿರ ನಿಂತೆ. ಮೇಷ್ಟ್ರು ಕೈ ಎತ್ತಿದರು.

ಹಾಡು ಎರಡು ಹೆಜ್ಜೆ ಇಟ್ಟು ನಿಂತಿತು. ಎಂಟೂ ಜನ ಸುಯ್ಯೆಂದು ಉಸಿರೆಳೆದರು. ಮೂರು ಸ್ವರ ಊದಿ ಮತ್ತೆ ಸುಯ್ಯ್. ಒಂದು ಸ್ವರ, ಸುಯ್ಯ್. ಓಟದ ಪಂದ್ಯ ಮುಗಿಸಿ ಬಂದ ಹೆಬ್ಬಾತಿನ ಹಿಂಡಿನಂತಿತ್ತು.

ಕಿಲಿಯಾನ್ ಬಸೂನು ಕೆಳಗಿಟ್ಟ. "ಮೇಷ್ಟ್ರೇ, ಮನೇಲಿ ಉಸಿರಾಡಕ್ಕೆ ಬಿಡದ ಹೆಂಡ್ತಿ ಇಲ್ಲಿ ಹೆಜ್ಜೆಗೊಂದು ಉಸಿರು ಕೊಟ್ಟಿದಾಳಲ್ಲ! ಇಷ್ಟು ಗಾಳಿ ಎಲ್ಲಿ ಇಟ್ಕೊಳ್ಲಿ?"

"ನಂಗೆ ತಲೆ ತಿರುಗ್ತಿದೆ," ಎಂದ ಕ್ಲೆಮೆಂಟ್. "ಹಾಡು ಬರೆದಿದೀರೋ, ದಮ್ಮಿನ ಕಾಯಿಲೆ ಬರೆದಿದೀರೋ?"

ಮೇಷ್ಟ್ರು ಹಾಳೆ ಕಿತ್ತುಕೊಂಡು ನೋಡಿದರು. "ಒತಿಲ್ಕಾ, ಇದೇನಿದು? ಇವು ದೀರ್ಘದ ಗೀಟು ಕಣಮ್ಮ! ಮಾತಿನ ಗೀಟು!"

ಎಂಟು ಹಾಳೆ, ಅಷ್ಟೂ ತಪ್ಪು, ಭಾನುವಾರಕ್ಕೆ ಐದೇ ದಿನ. "ಗೀಟು ಬಿಡಬೇಡ ಅಂದ್ರಿ," ಎಂದೆ. "ಕೊಡಿ ಮೇಷ್ಟ್ರೇ, ಕತ್ತಿ ತಂದು ಕೆರೆದು ತೆಗೀತೀನಿ. ಸಂಜೆಯೊಳಗೆ ಒಂದೂ ಉಳಿಯಲ್ಲ." ಮೇಜಿನಿಂದ ಸಣ್ಣ ಕತ್ತಿ ತಂದೇಬಿಟ್ಟೆ. ಅವರ ಕೈಯಿಂದ ಹಾಳೆ ಎಳೆದುಕೊಂಡು ಮೊದಲನೇ ಗೀಟಿನ ಮೇಲೆ ಕತ್ತಿಯ ಮೊನೆ ಇಟ್ಟಿದ್ದೆ.

"ಮುಟ್ಟಬೇಡ!"

ಕೋಣೆಯಲ್ಲಿದ್ದ ಮರದ ರಾಶಿಯೇ ನಡುಗಿತು. ಮೇಷ್ಟ್ರು ಹಾಳೆಯನ್ನು ಮತ್ತೆ ಕಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನಿಂತರು. ತುಟಿ ಅಲ್ಲಾಡುತ್ತಿತ್ತು. ಅಕ್ಷರ ಒಂದೂ ಇಲ್ಲದ ಜಾಗದಲ್ಲಿ ಗೀಟುಗಳಷ್ಟೇ ನಿಂತಿದ್ದವು. ಅವರು ಅವುಗಳ ಮೇಲೆ ಬೆರಳಾಡಿಸುತ್ತಾ ಹೆಂಡತಿಯ ಮಾತನ್ನು ಓದುತ್ತಿದ್ದರು.

"ಇಲ್ಲೇ ಇದೆ," ಎಂದರು. "ಎಲ್ಲಾ ಇಲ್ಲೇ ಇದೆ! ಮಾಂಸ ಹೋಗಿದೆ, ಮೂಳೆ ಹಾಗೇ ಇದೆ! ನಾನು ದಡ್ಡ, ಶುದ್ಧ ದಡ್ಡ! ಹಾಡೋರಾದ್ರೆ ಮಾತು ನೋಡಿ ತಾವಾಗೇ ಎಳೀತಾರೆ, ತಾವಾಗೇ ಮುಟ್ಟಿಬಿಡ್ತಾರೆ. ಕೊಳವೆಗೆ ಯಾರು ಹೇಳ್ಬೇಕು? ಈ ಗೀಟು ಹೇಳುತ್ತೆ! ಕೇಳ್ರಪ್ಪ ಎಲ್ಲಾ, ಗೆರೆ ಮೇಲಿರೋ ಗೀಟಿಗೆ ಉಸಿರು. ಗೆರೆ ಕೆಳಗಿರೋ ಗೀಟಿಗೆ ಉಸಿರಾಡಬೇಡಿ, ಎಳೀರಿ. ಆ ಸ್ವರದ ಮೇಲೆ ಒರಗಿ. ಗೀಟಿಲ್ಲದ್ದನ್ನ ಮುಟ್ಟಿ ಬಿಡಿ, ಬಿಸಿ ಪಾತ್ರೆ ಮುಟ್ಟಿದಂಗೆ."

ಮತ್ತೆ ಕೈ ಎತ್ತಿದರು.

ಈ ಸಲ ನಾನು ಕೇಳಿದ್ದನ್ನು ಇವತ್ತಿಗೂ ಸರಿಯಾಗಿ ಹೇಳಲು ಬಾರದು. ಕ್ಲಾರಿನೆಟ್ಟು ಪಕ್ಕದ ಮನೆಯ ಗೋಡೆಯಾಚೆ ಯಾರೋ ಮಾತಾಡಿದಂತೆ ಮಾತಾಡಿತು. ಪದ ಕೇಳಿಸದು, ಆದರೆ ನಮ್ಮ ಭಾಷೆಯೇ ಎಂದು ಗೊತ್ತಾಗುತ್ತದೆ, ಏನೋ ಕೇಳುತ್ತಿದ್ದಾರೆ ಎಂದೂ ಗೊತ್ತಾಗುತ್ತದೆ. ಕ್ಲೆಮೆಂಟ್ ನಡುವೆಯೇ ಓಬೋ ಬಾಯಿಂದ ತೆಗೆದ. ಹಾಡಿನ ಮಾತು ಅವನು ಒಂದೇ ಸಲ, ಮೇಷ್ಟ್ರು ಓದಿ ಹೇಳಿದಾಗ, ಕೇಳಿದ್ದ. "ಬೂದಿಯಡಿ ಕೆಂಡ ಇದೆ, ಬೆಂಚಿನ ಮೇಲೆ ಜಾಗ ಇದೆ," ಎಂದು ಗಟ್ಟಿಯಾಗಿ ಹೇಳಿ, "ಇದೇ ಸಾಲಲ್ವಾ ಈಗ ಊದಿದ್ದು?" ಎಂದ.

"ಅದೇ! ಅದೇ ಅಜ್ಜ!" ಮೇಷ್ಟ್ರು ಅವನ ಬೋಳುತಲೆಗೆ ಮುತ್ತು ಕೊಟ್ಟರು. ಕೈಯಲ್ಲಿದ್ದ ಬನ್ನಿನ ಗಸಗಸೆ ಅವನ ಕಿವಿಗೆ ಮೆತ್ತಿಕೊಂಡಿತು.

ಹಾಡಿನ ಕೊನೆಯ ಪದ 'ದಾಲೆ'. ಬಾಗಿಲು ಬಡಿದವರಿಗೆ ನಾವು ಒಳಗಿನಿಂದ ಹೇಳುವ ಮಾತು ಅದು. ಒಳಗೆ ಬಾ, ಮುಂದೆ ಬಾ. ಹಿಮದಲ್ಲಿ ಬಾಗಿಲು ಬಡಿಯುವವರು ಯಾರು ಎಂದು ಕೇಳುತ್ತಾ ಹೋಗುವ ಹಾಡು ಕೊನೆಗೆ ಆ ಪದಕ್ಕೆ ಬಂದು ಮುಗಿಯುತ್ತದೆ. 'ದಾ' ಮೇಲೆ ಗೀಟು. ಅದನ್ನು ಎಳೆದು, 'ಲೆ' ಮುಟ್ಟಿ ಬಿಡಬೇಕು. ಎಳೆಯುವ ಭಾರ ಬಸೂನಿನದು. ಐದು ದಿನವೂ ಕಿಲಿಯಾನ್ ಮನೆಗೆ ಬಂದು, ಕೋಸಿನ ಪಲ್ಯದ ತಟ್ಟೆಯ ಮುಂದೆ, ಕನ್ನಡಿಯ ಮುಂದೆ, ಹೊರಗೆ ಸೌದೆಯ ಹತ್ತಿರ, ಎಲ್ಲಿ ನೋಡಿದರೂ ಉಸಿರು ಬಿಗಿಹಿಡಿದುಕೊಂಡು ಕೆಂಪಾಗಿ ನಿಂತಿರುತ್ತಿದ್ದ. ನಾನು ಎಣಿಸುತ್ತಿದ್ದೆ. ಹನ್ನೊಂದಕ್ಕಿಂತ ಮುಂದೆ ಹೋಗಲಿಲ್ಲ.

ಭಾನುವಾರ ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಫ್ಲೂ ಹತ್ತಿದ ಮೇಳದವರೂ ಕತ್ತಿಗೆ ಉಣ್ಣೆಪಟ್ಟಿ ಸುತ್ತಿಕೊಂಡು ಬಂದು ಹಿಂದೆ ಕೂತಿದ್ದರು. ರೇಡಿಯೋದ ಮನುಷ್ಯ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಗಡಿಯಾರ ನೋಡುತ್ತಿದ್ದ. ಹನ್ನೊಂದಕ್ಕೆ ಆರು ನಿಮಿಷ ಇದೆ ಎನ್ನುವಾಗ ಮೊದಲನೇ ಕ್ಲಾರಿನೆಟ್ಟಿನ ಒಂದು ಮೆತ್ತೆ ಚಳಿಗೆ ಅರಗು ಬಿಟ್ಟು ಟಪ್ಪೆಂದು ಕೆಳಗೆ ಬಿತ್ತು.

"ಒತಿಲ್ಕಾ!" ಒಂಬತ್ತು ಬಾಯಿಂದ ಒಂದೇ ಸಲ.

ನನ್ನ ಅಂಗಿಯ ಜೇಬಿನಲ್ಲಿ ಅರಗಿನ ತುಣುಕು ಯಾವಾಗಲೂ ಇರುತ್ತಿತ್ತು. ಮೇಷ್ಟ್ರು ಕಡ್ಡಿ ಗೀರಿದರು, ಆರಿತು. ಎರಡನೆಯದೂ ಆರಿತು. ಕಿಲಿಯಾನ್ ಗೀರಿ ಹಿಡಿದ. ಅರಗು ಕರಗಿಸಿ ಮೆತ್ತೆ ಇಟ್ಟು ತಟ್ಟೆ ಅದುಮಿದೆ. ಬಿಸಿ ಬೆರಳಿಗೆ ಹತ್ತಿತು, ಕೈ ತೆಗೆಯಲಿಲ್ಲ. ಅರವತ್ತು ಎಣಿಸಿದೆ. ಐವತ್ತೆಂಟರಲ್ಲಿ ರೇಡಿಯೋದವನು ಬೆರಳು ಎತ್ತಿದ, ಅರವತ್ತಕ್ಕೆ ನಾನು ಕ್ಲಾರಿನೆಟ್ಟು ಕೈಗಿತ್ತು ಪರದೆಯ ಹಿಂದಕ್ಕೆ ಸರಿದೆ. ಅವನು ನಮ್ಮೂರ ಹೆಸರು ತಪ್ಪಾಗಿಯೇ ಹೇಳಿದ.

ಊದಿದರು. ಹಿಂದೆ ಕೂತಿದ್ದ ಮೇಳದವರಿಗೆ ಗಂಟಲಿರಲಿಲ್ಲ, ಆದರೆ ಮೂವತ್ತೈದು ಜನರ ತುಟಿ ಅಲ್ಲಾಡುತ್ತಿದ್ದದ್ದನ್ನು ಪರದೆಯ ಸಂದಿಯಿಂದ ನಾನೇ ನೋಡಿದೆ. 'ದಾ' ಬಂತು. ಬೆರಳು ಮಡಿಸಿ ಎಣಿಸಿದೆ. ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು! 'ಲೆ' ಮುಟ್ಟಿ ಬಿಟ್ಟು ಕಿಲಿಯಾನ್ ಕುರ್ಚಿಯ ಬೆನ್ನಿಗೆ ಬಿದ್ದ. ಮುಖ ಬೀಟ್‌ರೂಟು.

ಆಮೇಲಿನ ನಾಲ್ಕು ದಿನ ಮೇಷ್ಟ್ರು ಪಾಠ ಮಾಡಿದರೋ ಇಲ್ಲವೋ ದೇವರಿಗೇ ಗೊತ್ತು. ಬಿಡುವು ಸಿಕ್ಕಾಗಲೆಲ್ಲ ಕಾರ್ಖಾನೆಗೆ ಓಡಿಬಂದು, "ಏನಾದ್ರೂ ಸುದ್ದಿ?" ಎನ್ನುವರು, ಟಪಾಲು ನಮಗೆ ಬರುತ್ತದೇನೋ ಎನ್ನುವಂತೆ.

ಗುರುವಾರ ಟಪಾಲಿನ ತೆಕ್ಲಾ ಕಾರ್ಖಾನೆಗೇ ಬಂದಳು. ಶಾಲೆಯಲ್ಲಿ ಮೇಷ್ಟ್ರು ಸಿಕ್ಕಿರಲಿಲ್ಲ. ಅವರು ನಮ್ಮಲ್ಲೇ ಕಿಟಕಿಯ ಹತ್ತಿರ ನಿಂತಿದ್ದರು. ತೆಕ್ಲಾ ಕಾರ್ಡನ್ನು ಸತ್ತ ಇಲಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದಿದ್ದಳು.

"ಮೇಷ್ಟ್ರೇ, ಇದನ್ನ ನಾನು ಕೊಡ್ಲೋ ಪೋಲೀಸಿಗೆ ಕೊಡ್ಲೋ? ಒಂದಕ್ಷರ ಇಲ್ಲ. ಬರೀ ಚುಕ್ಕಿ, ಗೀಟು. ಗೂಢಚಾರಿಗಳು ಹಿಂಗೇ ಬರಿಯೋದಂತೆ."

"ಓದಿದ್ಯಾ ಹಾಗಾದ್ರೆ?" ಎಂದ ಕ್ಲೆಮೆಂಟ್.

"ಬೇರೆಯೋರ ಕಾಗ್ದ ಓದೋಳಲ್ಲ ನಾನು! ಕಣ್ಣಿಗೆ ಬಿತ್ತು."

ಮೇಷ್ಟ್ರು ಕಾರ್ಡು ಕಿತ್ತುಕೊಂಡರು. ಒಂದು ಸಲ ನೋಡಿದವರೇ ನೆಲದ ಮೇಲೆ ಕೂತುಬಿಟ್ಟರು. ಚುಕ್ಕಿ ಎಂದರೆ ಮುಟ್ಟಿ ಬಿಟ್ಟ ಸ್ವರ, ಗೀಟು ಎಂದರೆ ಎಳೆದ ಸ್ವರ. ಮೊದಲಿನಿಂದ ಕೊನೆಯವರೆಗೆ, ಸಾಲಿಗೆ ಸಾಲು, ಅಪೊಲೆನಾ ತಾನು ಕೇಳಿದ ಹಾಡನ್ನು ಬರೆದು ಕಳಿಸಿದ್ದಳು.

"ತನ್ನ ಮಾತು ತನಗೆ ಬಾಯಿಪಾಠ ಇರುತ್ತಲ್ಲ ಮೇಷ್ಟ್ರೇ," ಎಂದ ಮೇಸ್ತ್ರಿ ಬಾರ್ತೋಶ್, ಮೆಲ್ಲಗೆ. "ಕೇಳದೇನೂ ಬರೀಬಹುದು."

ಅನುಮಾನ ನನಗೂ ಬಂದಿತ್ತು. ನನ್ನ ಹಾಳೆ ತಂದು ಕಾರ್ಡಿನ ಪಕ್ಕ ಇಟ್ಟು ಬೆರಳಿಟ್ಟು ಹೋಲಿಸುತ್ತಾ ಹೋದೆ. ನಲವತ್ತೊಂದು ಗೀಟು ಇರಬೇಕು. ಕಾರ್ಡಿನಲ್ಲಿ ನಲವತ್ತೇ ಇದ್ದವು. ಎರಡನೇ ಚರಣದ ಮೂರನೇ ಸಾಲಿನಲ್ಲಿ ಗೀಟು ಇರಬೇಕಾದ ಕಡೆ ಆಯಮ್ಮ ಚುಕ್ಕಿ ಇಟ್ಟು, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ್ದಳು.

"ಇಲ್ಲೊಂದು ತಪ್ಪಿದೆ," ಎಂದೆ.

ಕ್ಲೆಮೆಂಟ್ ಕೆಮ್ಮಿದ. ಎಲ್ಲರೂ ಅವನ ಕಡೆ ತಿರುಗಿದೆವು. "ತಪ್ಪು ಆಯಮ್ಮಂದಲ್ಲ," ಎಂದ. "ಅಲ್ಲಿ ನನ್ನ ತುಟಿ ಜಾರ್ತು. ಎಳೀಲಿಲ್ಲ ನಾನು. ಯಾರಿಗೂ ಗೊತ್ತಾಗ್ಲಿಲ್ಲ ಅಂದ್ಕೊಂಡಿದ್ದೆ."

ಕೋಣೆ ಹೋ ಎಂದಿತು! ತೆಕ್ಲಾಳ ಚೀಲ ಹಾರಿತು, ಯಾರೋ ಬೋಲ್ಟಿನ ಡಬ್ಬಿ ಬಡಿದರು, ಮೇಷ್ಟ್ರು ಕ್ಲೆಮೆಂಟನನ್ನು ಎತ್ತಿ ತಿರುಗಿಸಿದರು. "ನಿಮ್ಮ ತುಟಿಗೆ ಚಿನ್ನ ಹೊದಿಸ್ಬೇಕು ಅಜ್ಜ! ಅವಳು ಕೇಳಿದಾಳೆ, ಒಂದೊಂದು ಅಕ್ಷರಾನೂ ಕೇಳಿದಾಳೆ!"

ಕೊನೆಯ 'ದಾಲೆ'ಯ ಗೀಟನ್ನು ಮಾತ್ರ ಅಪೊಲೆನಾ ಬೇರೆ ಥರ ಎಳೆದಿದ್ದಳು. ಅದು ಕಾರ್ಡಿನ ಅಂಚಿನವರೆಗೆ ಹೋಗಿ, ಅಂಚು ದಾಟಿ, ಹಿಂಬದಿಗೆ ತಿರುಗಿ, ವಿಳಾಸದ ಅಡಿಯಲ್ಲಿ ಹಾದು ಸ್ಟಾಂಪಿನ ಹತ್ತಿರ ನಿಂತಿತ್ತು. 'ಲೆ'ಯ ಚುಕ್ಕಿ ಸ್ಟಾಂಪಿನ ಮೇಲೇ ಇತ್ತು.

"ಇದರರ್ಥ ಏನು?" ಎಂದ ಕಿಲಿಯಾನ್.

"ಸಾಲ್ದು ಅಂತ," ಎಂದರು ಮೇಷ್ಟ್ರು. ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಇನ್ನೂ ಉದ್ದ ಬೇಕು ಅಂತ."

"ಹನ್ನೆರಡು ಎಣಿಸಿದಾಳೆ ನನ್ನ ಹೆಂಡ್ತಿ! ಸಾಯ್ಲಾ ನಾನು?"

ಜನವರಿಯಲ್ಲಿ ಅಪೊಲೆನಾ ಆಪರೇಷನ್‌ಗೆ ಒಪ್ಪಿದಳು, ಒಂದು ಶ್ವಾಸಕೋಶ ತೆಗೆದರು. ಮೇ ತಿಂಗಳ ಮೂರನೇ ತಾರೀಕು ಬಸ್ಸಿನಿಂದ ಇಳಿದಳು. ಗಿಡ್ಡ ಹೆಂಗಸು, ಒಂದು ಹೆಗಲು ತಗ್ಗು, ನಾಲಗೆ ಬಲು ಚುರುಕು. ನನ್ನನ್ನು ನೋಡಿ, "ಓದು ಬಾರದೋಳು ನೀನೇನಾ? ನನ್ನ ಗಂಡ ಹದಿನಾರು ವರ್ಷ ಓದಿದ್ದು ನಿನ್ನ ಮುಂದೆ ದಂಡ ಆಯ್ತಲ್ಲೇ," ಎಂದಳು. ಆವತ್ತಿನಿಂದ ನಾವಿಬ್ಬರೂ ಅಕ್ಕತಂಗಿಯರಂತೆ ಇದ್ದೆವು.

ಅಲ್ಲಿಂದ ಮುಂದೆ ಮೇಷ್ಟ್ರಿಗೆ ಅದೇ ಹುಚ್ಚು. ಮೇಳದ ಹಾಡು ಎಲ್ಲಿ ಸಿಕ್ಕರೂ ಮರದ ಉಸಿರಿಗೆ ಇಳಿಸುವುದು. ಸುಗ್ಗಿಯ ಹಾಡು, ಮದುವೆಯ ಹಾಡು, ಚರ್ಚಿನ ಹಳೆಯ ಹಾಡು, ತಮ್ಮವು, ಬೇರೆಯವರವು. ಇಪ್ಪತ್ತಾರು ವರ್ಷಕ್ಕೆ ನೂರ ಹದಿನೇಳು. ಅಷ್ಟನ್ನೂ ನಾನು ನಕಲು ಮಾಡಿದೆ. ಪ್ರತಿ ಗುರುವಾರ ಅವರ ಬಾಗಿಲು ಬಡಿಯುತ್ತಿದ್ದೆ, ಒಳಗಿನಿಂದ "ದಾ...ಲೆ!" ಎಂದು ಬಾತುಕೋಳಿಯ ದನಿ ಎಳೆಯುತ್ತಿತ್ತು. ರಾಜಧಾನಿಯ ಒಂದು ಅಚ್ಚಿನ ಮನೆಯವರು, ಗೆರೆಯ ಕೆಳಗಿನ ಗೀಟುಗಳು ಕೈತಪ್ಪು, ತೆಗೆದು ಕಳಿಸಿ ಎಂದು ಹಾಳೆಗಳನ್ನು ಹಿಂದಿರುಗಿಸಿದರು. ಮೇಷ್ಟ್ರು ಉತ್ತರ ಬರೆದರು: "ತಪ್ಪೆಂಬುದು ನಿಜ, ಆದರೆ ತೆಗೆಯುವುದಿಲ್ಲ." ಅಚ್ಚಾಗಲಿಲ್ಲ. ಅವರು ಅದಕ್ಕೆ ಒಂದು ದಿನ ಬೇಸರಪಟ್ಟರು, ಮರುದಿನ ಹೊಸ ಹಾಳೆ ತೆಗೆದರು.

ವರ್ಷಕ್ಕೊಮ್ಮೆ, ಆ ನವೆಂಬರಿನ ಭಾನುವಾರ ಬಂದಾಗ, ಅದೇ ಹಾಡು ಊದುತ್ತಿದ್ದರು. ಮುಗಿದ ಮೇಲೆ ಎಲ್ಲರೂ ಮುಂದಿನ ಸಾಲಿನಲ್ಲಿ ಕೂತ ಅಪೊಲೆನಾಳ ಕಡೆ ನೋಡುವರು. ಅವಳು ತಲೆ ಅಲ್ಲಾಡಿಸಿ, "ಸಾಲ್ದು," ಎನ್ನುವಳು. ಜನ ಅದಕ್ಕೇ ಕಾದಿದ್ದವರಂತೆ ಚಪ್ಪಾಳೆ ತಟ್ಟುವರು. ಕಿಲಿಯಾನ್ ಹದಿಮೂರು ಮಾಡಿದ, ಹದಿನಾಲ್ಕು ಮಾಡಿದ. ಅರವತ್ತೊಂಬತ್ತರಲ್ಲಿ ಹದಿನೈದು. "ಸಾಲ್ದು." ಎಪ್ಪತ್ತೊಂದರಲ್ಲಿ ಅವನು ಹೋದ. ಅವನನ್ನು ಮಣ್ಣು ಮಾಡುವಾಗ ಏಳೇ ಜನ ಊದಿದರು, ಬಸೂನಿನ ಸಾಲು ಖಾಲಿ ಬಿಟ್ಟು. ಅಪೊಲೆನಾ ನನ್ನ ಕೈ ಹಿಡಿದುಕೊಂಡಿದ್ದಳು. ಆವತ್ತು ಮಾತ್ರ ಅವಳು "ಸಾಲ್ದು" ಎನ್ನಲಿಲ್ಲ. ಮೂರು ವರ್ಷಕ್ಕೆ ಅವಳೂ ಹೋದಳು. ಒಂದೇ ಶ್ವಾಸಕೋಶದಲ್ಲಿ ಹದಿನಾರು ವರ್ಷ ಬದುಕಿ, ಜಗಳ ಆಡಿ, ಹಾಡು ಬರೆದು ಹೋದಳು.

ಮೇಷ್ಟ್ರಿಗೆ ಎಪ್ಪತ್ತು ದಾಟಿದ ಮೇಲೆ ಕಿವಿ ಕಡಿಮೆಯಾಗುತ್ತಾ ಬಂದು ಪೂರ್ತಿ ಹೋಯಿತು. ಬರೆಯುವುದು ನಿಲ್ಲಲಿಲ್ಲ. ನಾನು ಬಾಗಿಲು ಬಡಿದದ್ದು ಕೇಳದ ಕಾರಣ, ಗುರುವಾರ ಹತ್ತು ಗಂಟೆಗೆ ಸರಿಯಾಗಿ ತಾವೇ "ದಾಲೆ!" ಎಂದು ಕೂಗುತ್ತಿದ್ದರು, ನಾನು ಬಂದಿರಲಿ ಬಿಡಲಿ.

ಎಂಬತ್ತನಾಲ್ಕರ ಏಪ್ರಿಲ್‌ನಲ್ಲಿ ಹಾಸಿಗೆ ಹಿಡಿದರು. ಕಾರ್ಖಾನೆಯ ಎಂಟು ಜನ, ಈಗ ಅವರಲ್ಲಿ ಮೂವರು ಹೆಂಗಸರು, ಬಸೂನು ಊದುವವಳೂ ಹೆಂಗಸೇ, ಬೆಳಗಿನ ಬಿಸಿಲಲ್ಲಿ ಅವರ ಕಿಟಕಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಬಿಳಿ ಮೊಗ್ಗು ಬಿಟ್ಟ ಚೆರಿ ಮರ ಪಕ್ಕದಲ್ಲೇ ಇತ್ತು. ನಾನು ಮೇಷ್ಟ್ರ ಹಾಸಿಗೆಯ ಪಕ್ಕ ಕೂತು, ಅದೇ ಹಾಡಿನ ಹಳೆಯ ಹಾಳೆಯನ್ನು ಅವರ ಎದೆಯ ಮೇಲಿಟ್ಟು, ಹಾಡು ಎಲ್ಲಿಗೆ ಬಂತೋ ಅಲ್ಲಿಗೆ ಅವರ ಬೆರಳನ್ನು ಸರಿಸುತ್ತಾ ಹೋದೆ. ಪ್ರತಿ ಗೀಟಿನಲ್ಲೂ ಅವರ ಬೆರಳು ತಾನಾಗಿ ಒರಗುತ್ತಿತ್ತು. ಕಣ್ಣು ಹೊಳೆಯುತ್ತಿತ್ತು, ಐವತ್ತೇಳರಲ್ಲಿ ಟೋಪಿಯಿಂದ ಮೆತ್ತೆ ಹೊರತೆಗೆದಾಗ ಹೊಳೆದ ಹಾಗೆಯೇ.

'ದಾ' ಬಂತು. ಬೆರಳನ್ನು ಅಲ್ಲಿಟ್ಟು ಎಣಿಸಲು ಶುರು ಮಾಡಿದೆ. ಬಸೂನಿನವಳು ಒಬ್ಬಳೇ ಎಳೆಯಲಿಲ್ಲ. ಅವಳ ಉಸಿರು ಮುಗಿಯುವ ಮುಂಚೆ ಕ್ಲಾರಿನೆಟ್ಟಿನವನು ಮೆಲ್ಲಗೆ ಎತ್ತಿಕೊಂಡ, ಅವನಿಂದ ಮತ್ತೆ ಅವಳು, ಹಾಡುವ ಮೇಳದವರು ಕಳ್ಳ ಉಸಿರು ತೆಗೆದುಕೊಳ್ಳುವ ಹಾಗೆ. ಹದಿನಾರು. ಇಪ್ಪತ್ತು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಇಪ್ಪತ್ತೇಳು. ಮೂವತ್ತೊಂದಕ್ಕೆ 'ಲೆ' ಮುಟ್ಟಿ ಬಿಟ್ಟರು.

ನಾನು ಅವರ ಅಂಗೈ ಮೇಲೆ ಬೆರಳಿನಿಂದ ಮೂರು ಬರೆದು, ಪಕ್ಕದಲ್ಲಿ ಒಂದು ಬರೆದೆ.

ಮೇಷ್ಟ್ರು ಕಿಟಕಿಯ ಕಡೆ ನೋಡಿ, ಆಮೇಲೆ ನನ್ನ ಕಡೆ ತಿರುಗಿ, ಕೇಳಿದರು:

"ಮೂವತ್ತೊಂದಾ! ಅಪೊಲೆನಾಗೆ ಸಾಕಾಗ್ತಿತ್ತಾ, ಒತಿಲ್ಕಾ?"